ಸಂಜೆಯ ಕಲಿಕಾ ಕೇಂದ್ರವನ್ನು ಗಟ್ಟಿಗೊಳಿಸುವ ಬಗೆ

ಬೆಂಗಳೂರಿನ ಕೊಳೆಗೇರಿಗಳಲ್ಲಿಯೂ ಕಟ್ಟಡ ಕಾರ್ಮಿಕರ ಶೆಡ್ಡುಗಳ ಬಳಿಯಲ್ಲಿಯೂ ನಡೆಯುವ ಸಂಜೆಯ ಕಲಿಕಾ ಕೇಂದ್ರಗಳಲ್ಲಿ ಎಷ್ಟೋ ಕೇಂದ್ರಗಳು ಹೋಂವರ್ಕ್ ಮುಗಿಸಿಕೊಡುವುದನ್ನೇ ತಮ್ಮ ಕೆಲಸವೆಂದು ತಿಳಿದಿರುತ್ತವೆ. ಅಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳು ಹಲಗೆಯ ಮೇಲಿನ ಉತ್ತರವನ್ನು ದುಂಡಗೆ ಬರೆದುಕೊಳ್ಳುತ್ತಾಳೆ, ಆದರೆ ತಾನು ಬರೆದ ಸಾಲನ್ನೇ ಓದಲಾರಳು. ಆದ್ದರಿಂದ ಮೊದಲ ವಾರ ಪಾಠಕ್ಕೆ ಕೈಹಾಕದೆ, ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ಓದಿಸಿ ನೋಡಬೇಕು.

ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಸಣ್ಣ ಕಥೆ ಎಂಬ ನಾಲ್ಕು ಮೆಟ್ಟಿಲುಗಳು ಇದಕ್ಕೆ ಸಾಕು. ಮಕ್ಕಳ ಓದು, ಲೆಕ್ಕಗಳನ್ನು ಅಳೆಯುವ ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯಲ್ಲಿ 2005ರಿಂದ ಬಳಕೆಯಲ್ಲಿರುವ ಕ್ರಮವೇ ಇದು. ಕನ್ನಡಕ್ಕೆ ನಾನು ಒತ್ತಕ್ಷರವೆಂಬ ಇನ್ನೊಂದು ಮೆಟ್ಟಿಲನ್ನು ಸೇರಿಸುತ್ತೇನೆ. ಕಾಗುಣಿತ ಚೆನ್ನಾಗಿ ಬರುವ ಮಗುವೂ ‘ಹತ್ತಿ’ಯನ್ನು ‘ಹತಿ’ ಎಂದು ಓದಿ ಮುಂದೆ ಹೋಗುವುದುಂಟು. ಅದಕ್ಕೆ ಬೇಕಾದದ್ದು ಒತ್ತಕ್ಷರದ ಅಭ್ಯಾಸವೇ ಹೊರತು ಮತ್ತೆ ಅ ಆ ಇ ಈ ಅಲ್ಲ. ಲೆಕ್ಕದಲ್ಲಿ 52ರಿಂದ 38 ಕಳೆಯಲು ಕೊಡಿ. 26 ಎಂದು ಬರೆದ ಮಗು ಅಜಾಗರೂಕತೆಯಿಂದ ತಪ್ಪಿದ್ದಲ್ಲ. ಎರಡರಿಂದ ಎಂಟು ಹೋಗದೆಂದು ಎಂಟರಿಂದಲೇ ಎರಡನ್ನು ಕಳೆದಿದೆ. ಹತ್ತರ ಕಟ್ಟೊಂದನ್ನು ಬಿಚ್ಚಿ ಬಿಡಿ ಕಡ್ಡಿಗಳ ಜೊತೆ ಸೇರಿಸಿ ತೋರಿಸಿದರೆ ಅದರ ಗಂಟೂ ಬಿಚ್ಚುತ್ತದೆ.

ಬಳಿಕ ತರಗತಿಯನ್ನು ನೋಡದೆ ಮಟ್ಟವನ್ನು ನೋಡಿ ಗುಂಪು ಮಾಡಬೇಕು. ಏಳನೆಯ ತರಗತಿಯ ಹುಡುಗ ಚಿಕ್ಕವರ ಪಕ್ಕ ಕೂರಲು ನಾಚುತ್ತಾನೆ. ಕಥೆ ಪುಸ್ತಕಗಳನ್ನು ಹಂಚುವ ಹೊಣೆಯನ್ನು ಅವನಿಗೇ ವಹಿಸಿದರೆ ಅಲ್ಲಿ ಇರುವುದಕ್ಕೆ ಒಂದು ಗೌರವದ ಕಾರಣ ಸಿಗುತ್ತದೆ. ಆರು ವಾರಕ್ಕೊಮ್ಮೆ ಮತ್ತೆ ಓದಿಸಿ, ಗುಂಪು ಬದಲಿಸಬೇಕು. ಪುಸ್ತಕಗಳಿಗೆ ಹಣವಿಲ್ಲದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮಟ್ಟಕ್ಕನುಗುಣವಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವ ಮಕ್ಕಳು ಕಥೆಯನ್ನು ಮೊದಲು ತಮ್ಮ ಮಾತಿನಲ್ಲೇ ಹೇಳಲಿ.

ನಾಲ್ಕೂವರೆಗೆ ಬರುವ ಮಗುವಿನ ಹೊಟ್ಟೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಕರಗಿರುತ್ತದೆ. ಬಾಳೆಹಣ್ಣೋ ಒಂದು ಹಿಡಿ ಕಡಲೆಕಾಯಿಯೋ ಕೊಟ್ಟ ಮೇಲೆಯೇ ಪುಸ್ತಕ ತೆರೆಯುವುದು ಲೇಸು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುವ ಹುಡುಗಿಯನ್ನು ‘ಮಗುವನ್ನು ಮನೆಯಲ್ಲಿ ಬಿಟ್ಟು ಬಾ’ ಎಂದು ಹಿಂದಿರುಗಿಸಿದರೆ ಅವಳು ಮರುದಿನ ಬರುವುದಿಲ್ಲ, ಏಕೆಂದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಮೂಲೆಯಲ್ಲೊಂದು ಚಾಪೆ, ನಾಲ್ಕು ಆಟಿಕೆ ಇಡಿ.

ಕಲಿಸಲು ಅದೇ ಬಡಾವಣೆಯ, ಪಿಯುಸಿ ಮುಗಿಸಿದ ಯುವತಿಯರು ಸಿಕ್ಕರೆ ಅವರನ್ನೇ ಆರಿಸಿ, ಗೌರವಧನವನ್ನು ತಿಂಗಳು ತಪ್ಪದೆ ಕೊಡಿ. ಯಾವ ಹೊತ್ತಿನಲ್ಲೂ ಇಬ್ಬರು ದೊಡ್ಡವರು ಇರಲಿ, ಮಗು ಯಾರೊಡನೆ ಹೊರಟಿತೆಂಬುದನ್ನು ಬರೆದಿಡಿ, ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಪೋಷಕರ ಸಭೆಯನ್ನು ಕೂಲಿ ತಪ್ಪದ ಭಾನುವಾರದ ಸಂಜೆಗೆ ಇಟ್ಟುಕೊಂಡು, ಭಾಷಣದ ಬದಲು ಪ್ರತಿ ಮಗುವಿನಿಂದ ತಾಯಿಯ ಎದುರು ಅರ್ಧ ಪುಟ ಓದಿಸಿ.