ವಾರದ ಸ್ನಾನ ಬಿಟ್ಟೆ, ರಾಜಾನ ತುರಿಕೆ ನಿಂತಿತು

ನಮ್ಮ ರಾಜಾ ಮುಧೋಳ ನಾಯಿ. ಬಾಗಲಕೋಟೆ ನವನಗರದ ಧೂಳು ಗೊತ್ತಲ್ವಾ, ಬೆಳಗ್ಗೆ ತೊಳೆದರೆ ಸಂಜೆಗೆ ಮಣ್ಣಿನ ಬಣ್ಣ. ಹಾಗಾಗಿ ಪ್ರತಿ ಭಾನುವಾರ ನನ್ನದೇ ಶಾಂಪೂ ಹಾಕಿ ತಿಕ್ಕುತ್ತಿದ್ದೆ. ಎರಡು ತಿಂಗಳಿಗೆ ಶುರುವಾಯಿತು ನೋಡಿ: ರಾತ್ರಿಯೆಲ್ಲಾ ಕೆರೆತ. ಬೆನ್ನ ಮೇಲೆ ಕೈಯಾಡಿಸಿದರೆ ಉಗುರಿಗೆ ಬಿಳಿ ಹೊಟ್ಟು.

ಕೊಳಕು ಅಂದುಕೊಂಡು ಇನ್ನೂ ಜಾಸ್ತಿ ತೊಳೆದೆ. ಅದೇ ತಪ್ಪು.

ಪಶುವೈದ್ಯರು ಉಣ್ಣಿ, ಚಿಗಟ, ಫಂಗಸ್ ಏನೂ ಇಲ್ಲ ಅಂತ ನೋಡಿ, "ಶಾಂಪೂ ಯಾವುದ್ ಹಚ್ಚೀರಿ?" ಅಂದರು. ನಮ್ಮ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5.5, ನಾಯಿಯದು 7ರ ಆಸುಪಾಸು. ನಮ್ಮ ಶಾಂಪೂವನ್ನು ಮೇಲಿಂದ ಮೇಲೆ ಹಾಕಿದರೆ ಅದರ ಚರ್ಮದ ಎಣ್ಣೆ ಹೋಗಿ ಒಣಗುತ್ತದೆ. ಮುಧೋಳಕ್ಕೆ ಕೂದಲೂ ಗಿಡ್ಡ, ಅಷ್ಟು ಸ್ನಾನ ಬೇಕಾಗಿಯೇ ಇರಲಿಲ್ಲ.

ಈಗ ಸುವಾಸನೆ ಇಲ್ಲದ, ಓಟ್ಸ್ ಇರುವ ನಾಯಿ ಶಾಂಪೂ, 6 ವಾರಕ್ಕೊಮ್ಮೆ. ಉಗುರುಬೆಚ್ಚಗಿನ ನೀರು. 5 ನಿಮಿಷ ನೊರೆ ಬಿಡುತ್ತೇನೆ, ತೊಳೆಯೋದಕ್ಕೆ ಅದರ ಎರಡರಷ್ಟು ಹೊತ್ತು. ಕಾಲಿನ ಸಂದಿಯಲ್ಲಿ ನೊರೆ ಉಳಿದರೆ ಮತ್ತೆ ಕೆರೆತವೇ. ನಡುವಿನ ಧೂಳಿಗೆ ರಬ್ಬರ್ ಬ್ರಷ್, ಒದ್ದೆ ಬಟ್ಟೆ ಸಾಕು.

ಮೂರನೇ ವಾರಕ್ಕೆ ಹೊಟ್ಟು ಹೋಯಿತು. ಅವ್ವ ಮಾತ್ರ ಇನ್ನೂ "ನಾಯಿ ನಾರ್ತದ" ಅನ್ನುತ್ತಾಳೆ.