ದೊಡ್ಡ ಸ್ಟ್ರೋಲರ್, ಪುಟ್ಟ ಮಕ್ಕಳು, ಡಿಸ್ನಿ ಬಸ್ಸು: ತುಮಕೂರಿನ ಅಜ್ಜಿ ತಾತಂದಿರಿಗೆ

ನಮ್ಮ ತುಮಕೂರಿನಲ್ಲಿ ಈಗ ಯಾವ ಬೀದಿಗೆ ಹೋದರೂ ಒಂದೆರಡು ಮನೆಯ ಮಕ್ಕಳು ಅಮೆರಿಕದಲ್ಲಿರುತ್ತಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳೋಕೆ ಅಂತ ಹೋದ ಅಜ್ಜಿ ತಾತಂದಿರನ್ನು ಫ್ಲೋರಿಡಾದ ದೊಡ್ಡ ಮನರಂಜನಾ ತಾಣ ಡಿಸ್ನಿ ವರ್ಲ್ಡ್‌ಗೂ ಕರೆದುಕೊಂಡು ಹೋಗುತ್ತಾರೆ. ಹೊರಡೋ ಮುಂಚೆ ಎಲ್ಲರೂ ಕೇಳೋದು ಚಳಿ ಎಷ್ಟು, ಊಟ ಏನು, ವಿಮಾನದಲ್ಲಿ ಕಾಲು ಊದುತ್ತಾ ಅಂತ. ಸ್ಟ್ರೋಲರ್, ಅಂದರೆ ಮಕ್ಕಳನ್ನು ಕೂರಿಸಿ ತಳ್ಳೋ ಗಾಡಿಯ ವಿಷಯ ಯಾರೂ ಕೇಳಲ್ಲ. ಆದರೆ ಅಲ್ಲಿ ದಿನಾ ಬೆಳಿಗ್ಗೆ ಸಂಜೆ ಮೈ ನೋಯಿಸೋದು ಅದೇ. ಹೋಟೆಲಿನಿಂದ ಪಾರ್ಕುಗಳಿಗೆ ಓಡೋ ಡಿಸ್ನಿ ಬಸ್ಸು ಹತ್ತಬೇಕಾದರೆ ಮಕ್ಕಳನ್ನು ಇಳಿಸಿ ಅದನ್ನು ಮಡಚಬೇಕು.

ನಾನು ಕೆಎಸ್ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವಳು. ತುಮಕೂರು–ಬೆಂಗಳೂರು, ತುಮಕೂರು–ಶಿರಾ, ತುಮಕೂರು–ತಿಪಟೂರು ರೂಟುಗಳಲ್ಲಿ ಡ್ಯೂಟಿ ಮಾಡಿ ನಿವೃತ್ತಿಯಾದೆ. ನನ್ನ ಮಗಳಿಗೆ ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು. ಅವರ ಜೊತೆ, ಅವರ ಎರಡು ಸೀಟಿನ ದೊಡ್ಡ ಸ್ಟ್ರೋಲರ್ ಜೊತೆ ಡಿಸ್ನಿ ಬಸ್ಸುಗಳಲ್ಲಿ ಓಡಾಡಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಬಸ್ಸು ಬಂದ ಮೇಲೆ ಮಾಡೋ ಕೆಲಸ ಏನೂ ಇರಬಾರದು. ಎಲ್ಲ ಕೆಲಸ ಬಸ್ಸು ಬರೋ ಮುಂಚೆಯೇ ಮುಗಿದಿರಬೇಕು.

ಮೊದಲು ಅಳತೆ ನೋಡಿಕೊಳ್ಳಿ. ಡಿಸ್ನಿ ವರ್ಲ್ಡ್ ಒಳಗೆ ಬಿಡೋ ಸ್ಟ್ರೋಲರ್ 31 ಇಂಚು ಅಗಲ, 52 ಇಂಚು ಉದ್ದ ಮೀರಬಾರದು. ಅಂದರೆ ಸುಮಾರು 79 ಸೆಂಟಿಮೀಟರ್, 132 ಸೆಂಟಿಮೀಟರ್. 2019ರ ಮೇ ತಿಂಗಳಿಂದ ಈ ನಿಯಮ ಇದೆ. ಮಕ್ಕಳನ್ನು ಕೂರಿಸಿ ಎಳೆದುಕೊಂಡು ಹೋಗೋ ವ್ಯಾಗನ್ ಥರದ ಗಾಡಿಗಳನ್ನು ಪೂರ್ತಿ ನಿಲ್ಲಿಸಿದ್ದಾರೆ, ಅಳತೆಗೆ ಸರಿ ಹೊಂದಿದರೂ ಬಿಡಲ್ಲ. ಮಗಳೋ ಸೊಸೆಯೋ ಹೊಸದಾಗಿ ಕೊಳ್ಳುತ್ತಿದ್ದರೆ ಇದನ್ನು ಈಗಲೇ ಹೇಳಿಬಿಡಿ. ಎರಡು ಸೀಟಿನ ಸ್ಟ್ರೋಲರ್ ಸಾಮಾನ್ಯವಾಗಿ 12ರಿಂದ 16 ಕೆಜಿ ತೂಗುತ್ತೆ. ಮೂರು ಚಕ್ರದ ಜಾಗಿಂಗ್ ಸ್ಟ್ರೋಲರ್ ರಸ್ತೆಯಲ್ಲಿ ಸಲೀಸಾಗಿ ಓಡುತ್ತೆ, ಆದರೆ ಮಡಚಿದರೂ ಉಬ್ಬಿಕೊಂಡೇ ಇರುತ್ತೆ. ಬಸ್ಸಿಗೆ ಅದು ಬೇಡವೇ ಬೇಡ. ಮಡಚಿದಾಗ ಚಪ್ಪಟೆಯಾಗಿ ನಿಲ್ಲೋದನ್ನೇ ತೆಗೆದುಕೊಳ್ಳಿ.

ಬಸ್ಸೇ ಬೇಕಾ ಅನ್ನೋದನ್ನೂ ಯೋಚಿಸಿ. ಇದು ಹೋಟೆಲ್ ಬುಕ್ ಮಾಡೋ ಹೊತ್ತಿಗೇ ತೀರ್ಮಾನ ಆಗಬೇಕಾದ ವಿಷಯ. ಅಲ್ಲಿ ದೊಡ್ಡ ಪಾರ್ಕುಗಳು ನಾಲ್ಕು: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ಕಾಂಟೆಂಪರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲ್‌ಗಳಿಂದ ಮ್ಯಾಜಿಕ್ ಕಿಂಗ್‌ಡಮ್‌ಗೆ ಒಂದೇ ಹಳಿಯ ಮೇಲೆ ಓಡೋ ಮಾನೋರೈಲು ಇದೆ. ಅದರಲ್ಲಿ ಸ್ಟ್ರೋಲರ್ ಮಡಚೋ ಗೋಜೇ ಇಲ್ಲ, ಮಗು ಮಲಗಿದ್ದ ಹಾಗೇ ತಳ್ಳಿಕೊಂಡು ಒಳಗೆ ಹೋಗಬಹುದು. ಪಾಪ್ ಸೆಂಚುರಿ, ಆರ್ಟ್ ಆಫ್ ಅನಿಮೇಷನ್, ಕೆರಿಬಿಯನ್ ಬೀಚ್, ರಿವಿಯೆರಾ ಹೋಟೆಲ್‌ಗಳಿಂದ 2019ರಲ್ಲಿ ಶುರುವಾದ ಸ್ಕೈಲೈನರ್ ಎಂಬ ತೂಗು ಕ್ಯಾಬಿನ್ ಇದೆ. ಅದು ಎಪ್ಕಾಟ್‌ಗೂ ಹಾಲಿವುಡ್ ಸ್ಟುಡಿಯೋಸ್‌ಗೂ ಹೋಗುತ್ತೆ. ಅದರಲ್ಲೂ ಸ್ಟ್ರೋಲರ್ ಹಾಗೇ ಹೋಗುತ್ತೆ, ತೀರಾ ಅಗಲದ್ದು ಹಿಡಿಸದಿದ್ದರೆ ಮಾತ್ರ ಮಡಚಬೇಕು. ಅನಿಮಲ್ ಕಿಂಗ್‌ಡಮ್‌ಗೆ ಮಾನೋರೈಲೂ ಇಲ್ಲ, ಸ್ಕೈಲೈನರೂ ಇಲ್ಲ. ಅಲ್ಲಿಗೆ ಬಸ್ಸು ಅಥವಾ ಕಾರೇ ಗತಿ.

ಕಾರಿದ್ದರೆ ಆರಾಮ ಅಂದುಕೊಳ್ಳಬೇಡಿ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಲ್ಲಿ ಹೋದರೆ ದೂರದಲ್ಲಿ ಪಾರ್ಕ್ ಮಾಡಿ, ಅಲ್ಲಿಂದ ಟ್ರಾಮ್ ಹಿಡಿದು, ಆಮೇಲೆ ಮಾನೋರೈಲೋ ದೊಡ್ಡ ದೋಣಿಯೋ ಹತ್ತಬೇಕು. ಟ್ರಾಮ್‌ನಲ್ಲೂ ಸ್ಟ್ರೋಲರ್ ಮಡಚಲೇಬೇಕು. ಹೋಟೆಲ್ ಬಸ್ಸು ಹಾಗಲ್ಲ, ಗೇಟಿನ ಹತ್ತಿರಕ್ಕೇ ತಂದು ಬಿಡುತ್ತೆ. ದುಡ್ಡೂ ಇಲ್ಲ, ಟಿಕೆಟ್ಟೂ ಇಲ್ಲ. ನನ್ನನ್ನು ಕೇಳಿದರೆ ಬಸ್ಸೇ ಒಳ್ಳೇದು. ಅದಕ್ಕೆ ತಯಾರಾಗಿ ಹೋಗಬೇಕು ಅಷ್ಟೆ.

ತಯಾರಿ ತುಮಕೂರಿನಲ್ಲೇ ಶುರು ಮಾಡಿ. ನೆಂಟರಲ್ಲಿ ಯಾರ ಮನೆಯಲ್ಲಾದರೂ ಸ್ಟ್ರೋಲರ್ ಇದ್ದರೆ ಒಂದು ಸಂಜೆ ಕೇಳಿ ತಂದು, ಅಮಾನಿಕೆರೆ ಪಾರ್ಕ್‌ಗೆ ಒಯ್ದು ಮಡಚಿ ಬಿಚ್ಚಿ ನೋಡಿ. ಒಂದು ಕೈಯಲ್ಲಿ ಮಗು ಇದ್ದಾಗ ಇನ್ನೊಂದು ಕೈಯಲ್ಲಿ ಮಡಚೋಕಾಗುತ್ತಾ? ಕೂತು ನೋಡಿದರೆ ಇದು ಗೊತ್ತಾಗಲ್ಲ, ಮಾಡಿಯೇ ನೋಡಬೇಕು. ಸ್ಟ್ರೋಲರ್ ಸಿಗದಿದ್ದರೆ 10 ಕೆಜಿ ಅಕ್ಕಿ ಚೀಲ ಎತ್ತಿಕೊಂಡು ಮನೆ ಮೆಟ್ಟಿಲು ಹತ್ತಿ. ಮಂಡಿ, ಸೊಂಟ ಏನು ಹೇಳುತ್ತವೆ ನೋಡಿ. ಕಷ್ಟ ಅನ್ನಿಸಿದರೆ ಅದನ್ನು ಮಗಳಿಗೆ ಇಲ್ಲಿಂದಲೇ ಫೋನ್ ಮಾಡಿ ಹೇಳಿ. ಗಾಡಿ ಎತ್ತೋರು ಯಾರು, ಮಕ್ಕಳನ್ನು ಹಿಡಿಯೋರು ಯಾರು ಅನ್ನೋದು ಹೊರಡೋ ಮೊದಲೇ ಗೊತ್ತಿರಲಿ. ಮಂಡಿ ನೋವಿರೋರು ಗಾಡಿ ಎತ್ತಲೇಬಾರದು. ಅವರು ಮಗುವನ್ನು ಹಿಡಿದುಕೊಂಡು ಕೂತರೆ ಅದೇ ದೊಡ್ಡ ಸಹಾಯ.

ಇನ್ನು ಸ್ಟಾಪಿನಲ್ಲಿ ಮಾಡೋ ಕೆಲಸ. ಎಷ್ಟು ನಿಮಿಷಕ್ಕೆ ಬಸ್ಸು ಅಂತ ಹೋಟೆಲ್ ಸ್ಟಾಪಿನ ಪರದೆಯಲ್ಲೂ ಮಗಳ ಫೋನಿನ ಡಿಸ್ನಿ ಆ್ಯಪ್‌ನಲ್ಲೂ ತೋರಿಸುತ್ತೆ. ಐದು ನಿಮಿಷ ಇದೆ ಅಂದಾಗ ಕೆಲಸ ಶುರುವಾಗಬೇಕು.

ಮೊದಲು ಹ್ಯಾಂಡಲ್‌ಗೆ ನೇತು ಹಾಕಿದ ಚೀಲಗಳು. ಎಲ್ಲವನ್ನೂ ತೆಗೆದು ಬೆನ್ನಿಗೆ ಹಾಕೋ ಒಂದೇ ಬ್ಯಾಗಿಗೆ ಸೇರಿಸಿ. ನೇತಾಡೋ ಚೀಲದ ಪಟ್ಟಿ ಬಾಗಿಲಿಗೆ, ಸೀಟಿಗೆ, ಪಕ್ಕದವರ ಕೈಗೆ ಸಿಕ್ಕಿಕೊಳ್ಳೋದನ್ನು ಸರ್ವೀಸಿನ ಉದ್ದಕ್ಕೂ ನೋಡಿದ್ದೇನೆ. ಆಮೇಲೆ ಸೀಟಿನ ಕೆಳಗಿನ ಬುಟ್ಟಿ. ಗಾಜಿನ ಡಬ್ಬಿ ಬಾಟಲಿ ಬಿಟ್ಟರೆ ಮನೆ ಊಟ ಪಾರ್ಕ್ ಒಳಗೆ ಒಯ್ಯಬಹುದು. ಹಾಗಾಗಿ ನಮ್ಮೋರು ಚಿತ್ರಾನ್ನ, ಚಪಾತಿ ಅಂತ ಸ್ಟೀಲ್ ಡಬ್ಬಿ ಇಟ್ಟಿರುತ್ತಾರೆ. ಅದೊಂದು ಡಬ್ಬಿ ಬುಟ್ಟಿಯಲ್ಲಿ ಉಳಿದರೆ ಗಾಡಿ ಅರ್ಧಕ್ಕೇ ನಿಂತುಬಿಡುತ್ತೆ. ಜೋರಾಗಿ ಒತ್ತಿದರೆ ಕೀಲು ಬಾಗುತ್ತೆ. ಕೈ ಹಾಕಿ ಬುಟ್ಟಿಯ ಮೂಲೆವರೆಗೂ ತಡವಿ ನೋಡಿ. ಪುಟ್ಟ ಚಪ್ಪಲಿ, ನೀರಿನ ಬಾಟಲಿ ಅಲ್ಲೇ ಅಡಗಿರುತ್ತವೆ.

ಇನ್ನು ಮಕ್ಕಳನ್ನು ಇಳಿಸಿ. ಇಲ್ಲಿ ತುಂಬಾ ಹುಷಾರಾಗಿರಬೇಕು. ಸ್ಟ್ರೋಲರ್ ಮಡಚೋವಾಗ ಎರಡು ಕಡ್ಡಿಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತವೆ. ಪುಟ್ಟ ಬೆರಳು ಅಲ್ಲಿದ್ದರೆ ಏನಾಗುತ್ತೆ ಹೇಳಬೇಕಾಗಿಲ್ಲ. ಅದಕ್ಕೆ ನಾನು ಮಕ್ಕಳಿಗೆ ಒಂದು ಆಟ ಕಲಿಸಿದೆ. ನಾನು "ಕೈ ತಲೆ ಮೇಲೆ!" ಅಂದ ತಕ್ಷಣ ಇಬ್ಬರೂ ಎರಡೂ ಕೈ ತಲೆ ಮೇಲಿಟ್ಟು ನಿಲ್ಲಬೇಕು. ಅಳಿಯ ಸೀಟಿನ ಮಧ್ಯದ ಪಟ್ಟಿ ಎಳೆದು, ಹ್ಯಾಂಡಲ್ ಬಗ್ಗಿಸಿ, ಪಕ್ಕದ ಕೊಕ್ಕೆ ಟಕ್ ಅಂತ ಬೀಳೋವರೆಗೂ ಕೈ ಇಳಿಸೋ ಹಾಗಿಲ್ಲ. ಟಕ್ ಅಂದ ಮೇಲೆ "ರೈಟ್!" ಅಂತೀನಿ. ಆಗ ಕೈ ಕೆಳಗೆ. ಆ "ರೈಟ್" ಕೇಳೋಕೇ ಅವರು ಕಾಯುತ್ತಿರುತ್ತಾರೆ. ಈ ಆಟವನ್ನು ಮನೆಯಲ್ಲೇ ಆಡಿಸಿ ರೂಢಿ ಮಾಡಿಸಿ. ಕೊಕ್ಕೆ ಬಿದ್ದಿದೆಯಾ ಅಂತ ಗಾಡಿಯನ್ನು ಒಮ್ಮೆ ಎತ್ತಿ ಅಲುಗಿಸಿ ನೋಡಿ. ಬಸ್ಸಿನ ಮಧ್ಯೆ ಅದು ತಾನಾಗಿ ಬಿಚ್ಚಿಕೊಂಡರೆ ನಾಲ್ಕು ಜನಕ್ಕೆ ಪೆಟ್ಟು.

ಮಗು ತುಂಬಾ ಚಿಕ್ಕದಾಗಿದ್ದರೆ ಎದೆಗೆ ಕಟ್ಟಿಕೊಳ್ಳೋ ಬೇಬಿ ಕ್ಯಾರಿಯರ್ ಬೇಕೇ ಬೇಕು. ದೊಡ್ಡವರು ಒಬ್ಬರೇ ಇದ್ದಾಗ ಅದಿಲ್ಲದೆ ಆಗಲ್ಲ. ಯಾಕೆ ಅಂತೀರಾ? ನಮ್ಮ ಬಸ್ಸುಗಳಲ್ಲಿ ಒಂದು ಅನುಕೂಲ ಇದೆ, ಅದನ್ನು ನಾವು ಗಮನಿಸಿಯೇ ಇರಲ್ಲ. ತಾಯಿ ಮಗುವನ್ನೆತ್ತಿಕೊಂಡು ಹತ್ತಿದರೆ ಸೀಟಿನಲ್ಲಿ ಕೂತ ಯಾರೋ ಒಬ್ಬರು "ಕೊಡಮ್ಮ ಇಲ್ಲಿ" ಅಂತ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು, ಮಕ್ಕಳು ಜಾಸ್ತಿ ಹತ್ತೋಕೆ ಶುರು ಮಾಡಿದಾಗ ನಾನು ಇದನ್ನು ದಿನಾ ನೋಡುತ್ತಿದ್ದೆ. ಯಾರ ಮಗುವೋ, ಯಾರ ತೊಡೆಯೋ. ಅಲ್ಲಿ ಹಾಗಿಲ್ಲ. ಜನ ಒಳ್ಳೆಯವರೇ, ನಗುತ್ತಾರೆ, ಜಾಗ ಬಿಡುತ್ತಾರೆ, ಗಾಡಿ ಎತ್ತೋಕೆ ಕೈ ಕೊಡುತ್ತಾರೆ. ಆದರೆ ಗುರುತಿಲ್ಲದವರ ಮಗುವನ್ನು ಯಾರೂ ಮುಟ್ಟಲ್ಲ. ನಾವೂ ಬೇರೆಯವರ ಮಗುವಿನ ಕೆನ್ನೆ ಹಿಂಡಬಾರದು. ಹಾಗಾಗಿ ನಮ್ಮ ಕೈಗಳು ಎಷ್ಟಿವೆಯೋ ಅಷ್ಟರಲ್ಲೇ ಲೆಕ್ಕ ಹಾಕಬೇಕು. ದೊಡ್ಡವರಿಬ್ಬರು, ಮಕ್ಕಳಿಬ್ಬರು ಇದ್ದರೆ ಒಬ್ಬರು ಗಾಡಿ, ಇನ್ನೊಬ್ಬರು ಮಕ್ಕಳು. ಒಬ್ಬರೇ ಇದ್ದರೆ ಚಿಕ್ಕದು ಕ್ಯಾರಿಯರ್‌ನಲ್ಲಿ, ನಡೆಯೋ ಮಗು ನಿಮ್ಮ ಬ್ಯಾಗಿನ ಪಟ್ಟಿ ಹಿಡಿದುಕೊಂಡು ಮುಂದೆ. ಹಿಂದೆ ಬಿಡಬೇಡಿ, ಕಣ್ಣಿಗೆ ಕಾಣೋ ಹಾಗಿರಲಿ.

ಬಸ್ಸು ಬಂದಾಗ ಮೊದಲು ವ್ಹೀಲ್‌ಚೇರ್‌ನಲ್ಲಿರೋರು ಹತ್ತುತ್ತಾರೆ. ಡ್ರೈವರ್ ಇಳಿಜಾರು ಪಟ್ಟಿ ಹಾಕಿ, ಒಳಗೆ ಚೇರನ್ನು ಬಿಗಿದು ಕಟ್ಟುತ್ತಾರೆ. ಅದಕ್ಕೆ ಸಮಯ ಹಿಡಿಯುತ್ತೆ. ಆ ಹೊತ್ತಿನಲ್ಲಿ ನುಗ್ಗಬೇಡಿ. ಅಲ್ಲಿ ಕಂಡಕ್ಟರ್ ಇರಲ್ಲ, ಡ್ರೈವರ್ ಒಬ್ಬರೇ ಎಲ್ಲ ನೋಡಿಕೊಳ್ಳಬೇಕು. ಅವರು ಯಾವ ಬಾಗಿಲು ತೋರಿಸುತ್ತಾರೋ ಅದರಿಂದ ಹತ್ತಿ. ಗಾಡಿ ಎಲ್ಲಿಡಿ ಅಂತಾರೋ ಅಲ್ಲೇ ಇಡಿ. ಮೊದಲು ಮಕ್ಕಳ ಜೊತೆ ಇರೋರು ಹತ್ತಿ ಸೀಟು ಹಿಡಿಯಲಿ, ಹಿಂದೆಯೇ ಗಾಡಿ ಬರಲಿ. ಗಾಡಿ ಮೊದಲು ಹತ್ತಿದರೆ ದಾರಿಗೆ ಅಡ್ಡ ನಿಂತುಬಿಡುತ್ತೆ, ಮಕ್ಕಳು ಕೆಳಗೇ ಉಳಿಯುತ್ತಾರೆ.

ಒಳಗೆ ಹೋದ ಮೇಲೆ ಮಡಚಿದ ಗಾಡಿಯನ್ನು ನಿಮ್ಮ ಮೊಣಕಾಲಿನ ಮುಂದೆ ನಿಲ್ಲಿಸಿ, ಚಕ್ರ ನಿಮ್ಮ ಕಡೆ ಇರಲಿ. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರೋದು ಮಾಮೂಲು. ಒದ್ದೆ ಚಕ್ರ ಪಕ್ಕದವರ ಬಟ್ಟೆಗೆ ತಾಗದ ಹಾಗೆ ಒಂದು ಹಳೇ ಟವೆಲ್ ಇಟ್ಟುಕೊಳ್ಳಿ. ನಡುದಾರಿಯಲ್ಲಿ ಗಾಡಿ ಬಿಡಬೇಡಿ. ಚಕ್ರಕ್ಕೆ ಬ್ರೇಕ್ ಹಾಕಿ. ಬ್ರೇಕ್ ಇದೆ ಅಂತ ಕೈ ಬಿಡಬೇಡಿ, ತಿರುವಿನಲ್ಲಿ ಅದು ವಾಲುತ್ತೆ. ಆ ಬಸ್ಸುಗಳಲ್ಲಿ ಸೀಟ್ ಬೆಲ್ಟ್ ಇಲ್ಲ. ಮಕ್ಕಳನ್ನು ಕಿಟಕಿ ಕಡೆ ಕೂರಿಸಿ, ನೀವು ದಾರಿಯ ಕಡೆ ಕೂತುಕೊಳ್ಳಿ. ಸೀಟಿನ ಮೇಲೆ ನಿಂತು ಹೊರಗೆ ನೋಡೋಕೆ ಬಿಡಬೇಡಿ. ಬ್ರೇಕ್ ಹೊಡೆದಾಗ ಮೊದಲು ಬೀಳೋದು ನಿಂತ ಮಗು.

ಎಲ್ಲಕ್ಕಿಂತ ಕಷ್ಟ ರಾತ್ರಿ ವಾಪಸ್ ಬರೋದು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬಾಣಬಿರುಸು ಮುಗಿದ ತಕ್ಷಣ ಇಡೀ ಪಾರ್ಕ್ ಗೇಟಿಗೆ ಬರುತ್ತೆ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆಯಲ್ಲಿ ರಾತ್ರಿ ಬಸ್ಸುಗಳಿಗೆ ಜನ ಮುಗಿಬೀಳೋ ಹಾಗೇ. ಸ್ಪೆಷಲ್ ಬಸ್ಸಿನ ಡ್ಯೂಟಿಯಲ್ಲಿ ನಾನು ಕಲಿತ ಪಾಠ ಅಲ್ಲೂ ನಡೆಯಿತು: ಒಂದೋ ಜನರಿಗಿಂತ ಮೊದಲು ಹೊರಡಿ, ಇಲ್ಲ ಜನ ಕರಗೋವರೆಗೂ ಕೂತಿರಿ. ಮಧ್ಯದಲ್ಲಿ ಸಿಕ್ಕಿಕೊಳ್ಳಬೇಡಿ. ಪಾರ್ಕ್ ಮುಚ್ಚಿದ ಮೇಲೂ ಸುಮಾರು ಒಂದು ಗಂಟೆ ಬಸ್ಸುಗಳು ಓಡುತ್ತವೆ, ಹೆದರಬೇಕಾಗಿಲ್ಲ. ಮಕ್ಕಳು ಸ್ಟ್ರೋಲರ್‌ನಲ್ಲೇ ಮಲಗಿರಲಿ, ನೀವು ಬೆಂಚಿನ ಮೇಲೆ ಕಾಲು ಚಾಚಿ ಕೂತುಕೊಳ್ಳಿ. ಕಾಂಟೆಂಪರರಿ ಹೋಟೆಲಿನಲ್ಲೇ ಇದ್ದರೆ ಸುಮಾರು ಹತ್ತು ನಿಮಿಷದ ನಡಿಗೆ. ಗಾಡಿ ಮಡಚದೆ ತಳ್ಳಿಕೊಂಡೇ ಹೋಗಬಹುದು.

ಮಲಗಿದ ಮಗುವನ್ನು ಎಬ್ಬಿಸದೆ ಬಸ್ಸು ಹತ್ತೋದು ಹೇಗೆ? ಸರದಿಯಲ್ಲಿ ನಿಮ್ಮ ಮುಂದೆ ಸುಮಾರು ಜನ ಇರೋವಾಗಲೇ ಬೆಲ್ಟ್ ಬಿಚ್ಚಿ, ಮಗುವಿನ ತಲೆ ನಿಮ್ಮ ಹೆಗಲ ಮೇಲೆ ಬರೋ ಹಾಗೆ ಎತ್ತಿಕೊಳ್ಳಿ. ಒಂದೆರಡು ನಿಮಿಷ ಹಾಗೇ ನಿಂತರೆ ಅದು ಮತ್ತೆ ನಿದ್ದೆಗೆ ಜಾರುತ್ತೆ. ಬಸ್ಸಿನ ಬಾಗಿಲಲ್ಲಿ ಎತ್ತಿದರೆ ಬೆಳಕು, ಗಲಾಟೆ, ಎಸಿ ಗಾಳಿ ಎಲ್ಲ ಒಟ್ಟಿಗೆ ಹೊಡೆದು ಎಚ್ಚರಾಗಿ ಅಳುತ್ತೆ. ಮೈ ಮೇಲೆ ಹೊದಿಸೋಕೆ ಒಂದು ತೆಳು ಹತ್ತಿ ಸೀರೆ ತುಂಡು ಸಾಕು. ನಾನು ಇಲ್ಲಿಂದಲೇ ಒಯ್ದಿದ್ದೆ.

ಮಕ್ಕಳಿಗೆ ನಾಲ್ಕೈದು ವರ್ಷ ಆಗಿದ್ದರೆ ಸ್ಟ್ರೋಲರ್ ಬಸ್ಸಿಗೆ ಹತ್ತಿಸೋದೇ ಬೇಡ ಅನ್ನಿಸುತ್ತೆ ನನಗೆ. ಪಾರ್ಕ್ ಒಳಗೇ ಒಂದು ಸೀಟಿನ, ಎರಡು ಸೀಟಿನ ಗಾಡಿಗಳು ಬಾಡಿಗೆಗೆ ಸಿಗುತ್ತವೆ. ಗಟ್ಟಿ ಪ್ಲಾಸ್ಟಿಕ್‌ನವು, ಹಸುಗೂಸಿಗೆ ಆಗಲ್ಲ. ಅವನ್ನು ಪಾರ್ಕಿನಿಂದ ಹೊರಗೆ ತರೋ ಹಾಗಿಲ್ಲ, ಗೇಟಿನಿಂದ ಬಸ್ಸಿಗೆ ಮಕ್ಕಳೇ ನಡೆಯಬೇಕು ಅಥವಾ ನೀವು ಎತ್ತಿಕೊಳ್ಳಬೇಕು. ಅದಕ್ಕೆ ಶಕ್ತಿ ಇದ್ದರೆ ಇದೇ ಸುಲಭ.

ನಿಮ್ಮದೇ ಗಾಡಿ ಒಯ್ದರೆ ಹ್ಯಾಂಡಲ್‌ಗೆ ಎದ್ದು ಕಾಣೋ ಬಣ್ಣದ ಬಟ್ಟೆ ಕಟ್ಟಿ. ಆಟಗಳ ಹತ್ತಿರ ಗಾಡಿ ನಿಲ್ಲಿಸಿ ಒಳಗೆ ಹೋದರೆ, ಜಾಗ ಮಾಡೋಕೆ ಅಲ್ಲಿನ ಕೆಲಸದವರು ಗಾಡಿಗಳನ್ನು ಸರಿಸಿ ಸಾಲಾಗಿ ಇಡುತ್ತಾರೆ. ಒಂದೇ ಥರದ ಗಾಡಿಗಳು ನೂರಾರು ಇರುತ್ತವೆ. ಪಾಸ್‌ಪೋರ್ಟ್, ದುಡ್ಡು, ಮಾತ್ರೆ ಡಬ್ಬಿ ಅದರಲ್ಲಿ ಬಿಡಬೇಡಿ.

ಬಸ್ಸಿನಿಂದ ಇಳಿಯೋವಾಗ ಅವಸರ ಬೇಡ. ನಿಂತವರೆಲ್ಲ ಇಳಿಯಲಿ. ಆಮೇಲೆ ಗಾಡಿ ಹಿಡಿದವರು ಮೊದಲು ಇಳಿದು, ಅದನ್ನು ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರ ಒಯ್ದು ಬಿಚ್ಚಬೇಕು. ಬಾಗಿಲ ಮುಂದೆಯೇ ಬಿಚ್ಚೋಕೆ ನಿಂತರೆ ಹಿಂದೆ ಬರೋರು ನಿಮ್ಮ ಮೇಲೆ ಬೀಳುತ್ತಾರೆ. ಬಿಚ್ಚೋವಾಗಲೂ "ಕೈ ತಲೆ ಮೇಲೆ" ಆಟ ಇರಲಿ, ಬೆರಳು ಆಗಲೂ ಸಿಕ್ಕಿಕೊಳ್ಳುತ್ತೆ. ಮಕ್ಕಳ ಜೊತೆ ಇರೋರು ಏಳೋ ಮುಂಚೆ ಸೀಟಿನ ಮೇಲೆ, ಸೀಟಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಹಾಲಿನ ಬಾಟಲಿ, ಒಂಟಿ ಕಾಲುಚೀಲ, ಮಗು ಬಿಟ್ಟಿರದ ಗೊಂಬೆ ಅಲ್ಲೇ ಬಿದ್ದಿರುತ್ತವೆ.