ಗೋಡೆ ಮುಚ್ಚುವ ಮೊದಲು: ಕೌನ್ಸಿಲ್ ಬಾಡಿಗೆ ಮನೆಗಳನ್ನು ಬೆಚ್ಚಗೆ ಕಟ್ಟುವ ಬಗೆ

ನೆಲ ಅಗೆಯುವ ಮೊದಲು, ಶಾಲೆ ಬಿಡುವ ಹೊತ್ತಿಗೆ ಮನೆ ಕಟ್ಟಬೇಕಾದ ವಸತಿ ಸಮುಚ್ಚಯದಲ್ಲಿ ಒಮ್ಮೆ ನಡೆದಾಡಿ. ಮಕ್ಕಳು ಎಲ್ಲಿ ಆಡುತ್ತಾರೆ, ವಯಸ್ಸಾದವರು ಬಸ್ ನಿಲ್ದಾಣಕ್ಕೆ ಯಾವ ದಾರಿ ಹಿಡಿಯುತ್ತಾರೆ, ಯಾರ ಅಡುಗೆಮನೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ ಎಂದು ಬರೆದಿಟ್ಟುಕೊಳ್ಳಿ. ಲಂಡನ್ನಿನಲ್ಲಿ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಎಷ್ಟೋ ಹೊಸ ಮನೆಗಳು ಏಳುವುದು ಹಳೆಯ ಗ್ಯಾರೇಜುಗಳಿದ್ದ ಜಾಗದಲ್ಲಿ. ಕೆಲಸ ಮುಗಿಯುವವರೆಗೂ ಅಕ್ಕಪಕ್ಕದವರು ದೂಳು ಕುಡಿಯಬೇಕು. ಸದ್ದಿನ ಕೆಲಸ ಯಾವ ದಿನವೆಂದು ನಾನೇ ಬಾಗಿಲು ತಟ್ಟಿ ಹೇಳುತ್ತೇನೆ. ಧಾರವಾಡದಿಂದ ಬಂದು ಹನ್ನೊಂದು ವರ್ಷ ಇಲ್ಲಿ ಕಾಮಗಾರಿ ಮೇಲ್ವಿಚಾರಣೆ ಮಾಡಿದವಳು ನಾನು. ಈ ಕೆಲಸಕ್ಕೆ ಸೇರುವ ನಮ್ಮ ಕಡೆಯ ಕಿರಿಯರಿಗೆ ಮೊದಲು ಹೇಳುವುದು ಇದನ್ನೇ.

ಬಾಡಿಗೆಯ ಮಾತು ಮೊದಲ ದಿನವೇ ಕಾಗದದ ಮೇಲಿರಲಿ. ಸೋಷಿಯಲ್ ರೆಂಟ್ ಎಂದರೆ ಸ್ಥಳೀಯ ಗಳಿಕೆ, ಮನೆಯ ಬೆಲೆ, ಮಲಗುವ ಕೋಣೆಗಳ ಸಂಖ್ಯೆ ನೋಡಿ ಸರ್ಕಾರದ ಸೂತ್ರದಂತೆ ನಿಗದಿಯಾಗುವ ಬಾಡಿಗೆ. ಅಫೋರ್ಡಬಲ್ ರೆಂಟ್ ಮಾರುಕಟ್ಟೆ ದರದ ಶೇ 80ರವರೆಗೂ ಏರಬಹುದು. ಸಭೆಯಲ್ಲಿ ಯಾರಾದರೂ ಎರಡನ್ನೂ ಒಂದೇ ಎಂಬಂತೆ ಮಾತನಾಡಿದರೆ ಎದ್ದು ನಿಂತು ಕೇಳಿ.

ಸಾಧ್ಯವಾದರೆ ಇಂಗ್ಲೆಂಡಿನ ನಾರ್ವಿಚ್ ನಗರದ ಗೋಲ್ಡ್‌ಸ್ಮಿತ್ ಸ್ಟ್ರೀಟ್ ನೋಡಿ ಬನ್ನಿ. ಅಲ್ಲಿನ ನಗರ ಕೌನ್ಸಿಲ್ ಕಟ್ಟಿಸಿದ ಸುಮಾರು 100 ಬಾಡಿಗೆ ಮನೆಗಳಿವು. 2019ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿ ಪಡೆದವು. ಎದುರುಬದುರು ಸಾಲುಗಳ ನಡುವೆ 14 ಮೀಟರ್ ಮಾತ್ರ. ಹಿಂದಿನ ಸಾಲಿನ ಬಿಸಿಲು ತಪ್ಪಬಾರದೆಂದು ಚಾವಣಿಯ ಇಳಿಜಾರನ್ನು 15 ಡಿಗ್ರಿಗೆ ತಗ್ಗಿಸಿದ್ದಾರೆ. ಬಾಗಿಲಿಗೆ ಅಂಚೆಯ ಕಿಂಡಿ ಕೊರೆದರೆ ಚಳಿಗಾಳಿ ನುಗ್ಗುತ್ತದೆ ಎಂದು ಅಂಚೆಪೆಟ್ಟಿಗೆಯನ್ನೇ ಹೊರಗೆ ಇಟ್ಟಿದ್ದಾರೆ. ಆ ಒಂದು ಕಿಂಡಿಯ ಬಗ್ಗೆ ಯೋಚಿಸಿದವರ ಮೇಲೆ ನನಗೆ ಬಹಳ ಗೌರವ.

ಅವು ಪಾಸಿವ್‌ಹೌಸ್ ಮಾನದಂಡದ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲಿ ಬೆಚ್ಚಗಿರುವ ಮನೆಗಳು. ಕೋಣೆ ಬಿಸಿಮಾಡಲು ವರ್ಷಕ್ಕೆ ಚದರ ಮೀಟರಿಗೆ 15 ಕಿಲೋವ್ಯಾಟ್ ಗಂಟೆಗಿಂತ ಹೆಚ್ಚು ಬೇಕಾಗಬಾರದು. 50 ಪಾಸ್ಕಲ್ ಒತ್ತಡದಲ್ಲಿ ಪರೀಕ್ಷಿಸಿದಾಗ ಒಂದು ಗಂಟೆಯಲ್ಲಿ ಸೋರುವ ಗಾಳಿ ಮನೆಯೊಳಗಿನ ಗಾಳಿಯ 0.6 ಪಾಲನ್ನು ಮೀರಬಾರದು. ಮೊದಲನೆಯದರಲ್ಲಿ ಬಹುಪಾಲು ನಕ್ಷೆಯಲ್ಲೇ ತೀರ್ಮಾನವಾಗಿರುತ್ತದೆ. ಎರಡನೆಯದು ಪೂರ್ತಿ ನಿಮ್ಮ ಕಣ್ಗಾವಲಿನದು.

ನಮ್ಮೂರಿನಲ್ಲಿ ಬೆಳಕಿಂಡಿ ಇಟ್ಟು ಗಾಳಿಯನ್ನು ಒಳಗೆ ಕರೆಯುತ್ತೇವೆ. ಇಲ್ಲಿ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಎಂಬುದನ್ನು ನಾವೇ ನಿರ್ಧರಿಸಬೇಕು. ನಕ್ಷೆಯ ಮೇಲೆ ಕೆಂಪು ಪೆನ್ನು ಇಟ್ಟು, ಎತ್ತದೆ, ಮನೆಯ ಸುತ್ತ ಗಾಳಿ ತಡೆಯುವ ಪದರವನ್ನು ಎಳೆಯಿರಿ. ಪೆನ್ನು ಎಲ್ಲಿ ತಡವರಿಸುತ್ತದೆಯೋ ಅಲ್ಲೇ ಸೋರಿಕೆ: ನೆಲ–ಗೋಡೆ ಸೇರುವ ಕಡೆ, ಕಿಟಕಿಯ ಚೌಕಟ್ಟಿನ ಸುತ್ತ, ಪೈಪು ಹೊರಹೋಗುವ ಕಡೆ. ಈ ಚಿತ್ರವನ್ನು ಗಾರೆಯವರಿಗೂ ಎಲೆಕ್ಟ್ರಿಷಿಯನ್ನರಿಗೂ ಪ್ಲಂಬರ್‌ಗಳಿಗೂ ತೋರಿಸಿ. ತೂತು ಕೊರೆಯುವವರು ಅವರೇ.

ಒಮ್ಮೆ ಒಂದು ಮನೆಯ ಸೋರಿಕೆ ಪರೀಕ್ಷೆ, 0.6 ಮೀರಬಾರದಿದ್ದದ್ದು, 2.1ಕ್ಕೆ ನಿಂತಿತು. ಬಾಗಿಲಿಗೆ ಫ್ಯಾನ್ ಕಟ್ಟಿ, ಹೊಗೆ ಕಡ್ಡಿ ಹಿಡಿದು ಇಡೀ ಮಧ್ಯಾಹ್ನ ಹುಡುಕಿದೆವು. ಮೆಟ್ಟಿಲಿನ ಬಳಿ ಹೊಗೆ ಅಡ್ಡಡ್ಡವಾಗಿ ಹರಿಯಿತು. ಕಾಣದ ಜಾಗವೆಂದು ಮೆಟ್ಟಿಲ ಹಿಂದಿನ ಗೋಡೆಗೆ ಗಾಳಿ ತಡೆಯುವ ಪ್ಲಾಸ್ಟರ್ ಬಳಿದೇ ಇರಲಿಲ್ಲ. ಜೋಡಿಸಿದ ಮೆಟ್ಟಿಲನ್ನು ಬಿಚ್ಚಿಸಿದೆ. ಅಂದಿನಿಂದ ಮೆಟ್ಟಿಲು, ಅಡುಗೆಮನೆಯ ಕಪಾಟು, ಸ್ನಾನದ ತೊಟ್ಟಿ ಕೂರಿಸುವ ಮೊದಲು ಅವುಗಳ ಹಿಂದಿನ ಗೋಡೆಯ ಫೋಟೊ ನನ್ನ ಮೊಬೈಲ್‌ಗೆ ಬರಲೇಬೇಕು. ಮೊದಲ ಪರೀಕ್ಷೆಯನ್ನೂ ಗಾಳಿ ತಡೆಯುವ ಪದರ ಇನ್ನೂ ಕೈಗೆ ಸಿಗುವಂತಿರುವಾಗಲೇ ಮಾಡಿಸಿ. ಎಲ್ಲ ಮುಗಿದ ಮೇಲೆ ಇನ್ನೊಮ್ಮೆ.

ಇಷ್ಟು ಬಿಗಿಯಾದ ಮನೆಗೆ ಗಾಳಿಯಂತ್ರ ಬೇಕೇ ಬೇಕು; ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರವಿದು. ಹೊರಗೋಡೆಗೆ ಹತ್ತಿರವಿರಲಿ, ಫಿಲ್ಟರ್ ಬದಲಿಸಲು ಸುಲಭವಾಗಿ ಕೈಗೆಟಕಲಿ. ಬದಲಿಸುವವರು ಯಾರು, ಹಣ ಯಾರದು ಎಂದು ಬರೆಸಿಕೊಳ್ಳಿ.

ಕೀಲಿ ಕೊಡುವ ದಿನ ದಪ್ಪ ಕೈಪಿಡಿ ಕೊಟ್ಟು ಹೊರಡಬೇಡಿ. ಅರ್ಧ ಗಂಟೆ ಕೂತು ಯಂತ್ರ ತೋರಿಸಿ. ಕಿಟಕಿ ತೆರೆಯಬಾರದೆಂಬ ನಿಯಮವೇನೂ ಇಲ್ಲ ಎಂದು ಬಾಯಿಬಿಟ್ಟು ಹೇಳಿ, ಏಕೆಂದರೆ ಹೆದರಿ ಬೇಸಗೆಯಲ್ಲೂ ಮುಚ್ಚಿಕೊಂಡು ಕೂತವರನ್ನು ನಾನು ಕಂಡಿದ್ದೇನೆ. ಮತ್ತೆ ಮೊದಲ ಜನವರಿಯಲ್ಲಿ, ಮನೆಯವರ ಒಪ್ಪಿಗೆ ಕೇಳಿ, ಹೋಗಿ ಬನ್ನಿ. ಮೀಟರ್ ಓದಿ. ಕಿಟಕಿಯ ಕೆಳಮೂಲೆಗೆ ಬರಿಗೈ ಇಟ್ಟು ನೋಡಿ.